ಒಳಪೆಟ್ಟಿಗೆಯ ಮಾಸ್ತರ

ಕಂಪ್ಯೂಟರು ನನ್ನ ಸೀರೆ ಅಂಚನ್ನು ತಿನ್ನಲಿಲ್ಲ. ಯಾರ ಕಣ್ಣೂ ತಾಗಲಿಲ್ಲ. ಮಾಸ್ತರ ಹೊರಪೆಟ್ಟಿಗೆ ಕಳಿಸಿದ, ಒಳಪೆಟ್ಟಿಗೆ ಕಳಿಸುವುದನ್ನು ಮರೆತ. ನಡೆದದ್ದು ಇಷ್ಟೇ.

ಇದನ್ನು ಮೊದಲೇ ಹೇಳಿ ಮುಗಿಸುತ್ತಿದ್ದೇನೆ. ಹೋದ ವಾರ ಗಜೇಂದ್ರಗಡದ ನಮ್ಮ ನೇಕಾರರ ಸಂಘದಲ್ಲಿ ಅವನನ್ನು ಬೀಳ್ಕೊಟ್ಟರು. ಕೊಪ್ಪಳದಲ್ಲಿ ಕಲಿಸುವ ಕೆಲಸ ಸಿಕ್ಕಿದೆಯಂತೆ. ಭಾಷಣಕ್ಕೆ ನಿಂತವರೆಲ್ಲ ಆ ಅಂಚಿನ ಕಥೆಯನ್ನೇ ಹೇಳಿದರು, ಒಬ್ಬೊಬ್ಬರದು ಒಂದೊಂದು ತರಹ. ಒಬ್ಬರು ವೈರಸ್ಸು ಅಂದರು, ಒಬ್ಬರು ಸಿಡಿಲು ಅಂದರು. ಅವನು ಕೊರಳಲ್ಲಿ ಮಾಲೆ ಹಾಕಿಕೊಂಡು ಎಲ್ಲರ ಮಾತಿಗೂ ತಲೆಯಾಡಿಸುತ್ತ ಕೂತಿದ್ದ. ಸಂಘದ ಪುಸ್ತಕಕ್ಕೆ ನೀನೂ ನಾಲ್ಕು ಮಾತು ಬರೆದುಕೊಡು ಎಂದು ನನ್ನನ್ನು ಕೇಳಿದರು. ನಾನು ಕಲಿತದ್ದು ಮೂರನೇ ಇಯತ್ತೆ. ಆದರೆ ಸಿಡಿಲು ಬಿದ್ದಿರಲಿಲ್ಲ ಎಂದು ಬರೆಯಲು ಅಷ್ಟು ಸಾಲಿ ಸಾಕು.

ಮಾಸ್ತರ ಅಂದರೆ ಸಾಲಿ ಮಾಸ್ತರ ಅಲ್ಲ. ಬಸ್ ನಿಲ್ದಾಣದ ಹಿಂದೆ ಎರಡು ಖೋಲಿಯ ಕಂಪ್ಯೂಟರ್ ಕ್ಲಾಸು ಇತ್ತು, ಅಲ್ಲಿ ಕಲಿಸುತ್ತಿದ್ದ. ನಮ್ಮ ಓಣಿಯಲ್ಲೇ ಬೆಳೆದವನು. ಅವನ ಅಪ್ಪ ತಗಡಿನ ಟ್ರಂಕು ಮಾಡುವ ಸಾಬರು. ಅವರ ಅಂಗಡಿಯ ಸುತ್ತಿಗೆ ಸಪ್ಪಳಕ್ಕೆ ನನ್ನ ಮಕ್ಕಳೆಲ್ಲ ತೊಟ್ಟಿಲಲ್ಲಿ ಮಲಗಿ ನಿದ್ದೆ ಮಾಡಿದ್ದಾರೆ. ಶುಕ್ರವಾರ ಅಂಗಡಿ ಮುಚ್ಚಿದರೆ ಅಳುತ್ತಿದ್ದರು. ಮಗ ಸುತ್ತಿಗೆ ಹಿಡಿಯಲಿಲ್ಲ. ಆದರೆ ಟ್ರಂಕಿನವರ ಕೈ ಅವನನ್ನು ಬಿಡಲಿಲ್ಲ. ಯಾವ ಡಬ್ಬಿ ಕಂಡರೂ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಕಿವಿ ಕೊಟ್ಟು, "ಒಳಗ ಏನೈತಿ ನೋಡೋಣು ಮದಲ" ಅನ್ನುವುದು ಅವನ ಚಾಳಿ. ಊಟದ ಡಬ್ಬಿಯ ಒಂದೊಂದು ತಟ್ಟೆಯನ್ನು ಬಡಿದು, ಮುಚ್ಚಳ ತೆಗೆಯುವ ಮುಂಚೆಯೇ ಯಾವುದರಲ್ಲಿ ಪಲ್ಯ, ಯಾವುದರಲ್ಲಿ ಮೊಸರು ಎಂದು ಹೇಳುತ್ತಿದ್ದ. ಕಲ್ಲಂಗಡಿ ಕೊಳ್ಳುವವರು ಅವನನ್ನು ಸಂತೆಗೆ ಕರೆದೊಯ್ಯುತ್ತಿದ್ದರು. ಸೈಕಲ್ ಹೊಡೆಯಲು ಮಾತ್ರ ಬರುತ್ತಿರಲಿಲ್ಲ. ನಲವತ್ತು ದಾಟಿದ ಗಂಡಸು, ಇನ್ನೊಬ್ಬರ ಸೈಕಲ್ಲಿನ ಹಿಂದೆ ಕಾಲು ಇಳಿಬಿಟ್ಟು ಕೂತು ಊರೆಲ್ಲ ತಿರುಗುತ್ತಿದ್ದ. ನಾಚಿಕೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಅವನ ಕಂಪ್ಯೂಟರಿನ ಡಬ್ಬವೂ ಒಂದು ಟ್ರಂಕಿನೊಳಗೇ ಇತ್ತು. ಎರೆಮಣ್ಣಿನ ಧೂಳು, ಅದರ ಮೇಲೆ ಇಲಿ. ಅದಕ್ಕೇ ಗಾಳಿಗೆ ಸಾಲಾಗಿ ತೂತು ಹೊಡೆದು ಅವನ ಅಪ್ಪ ಮಾಡಿಕೊಟ್ಟಿದ್ದರು. ಅವರು ಮಾಡಿದ ಕೊನೆಯ ಟ್ರಂಕು ಅದು.

ಆ ಅಪ್ಪ ಊರೂರಿಗೆ ಟ್ರಂಕು ಕಳಿಸುವಾಗ ದೊಡ್ಡದರೊಳಗೆ ನಡುವಿನದು, ನಡುವಿನದರೊಳಗೆ ಸಣ್ಣದು ಇಟ್ಟು ಕಳಿಸುತ್ತಿದ್ದರು. ಹೊರಗಿನದರ ಮುಚ್ಚಳದ ಒಳಮೈಗೆ, ಒಳಗೆ ಯಾವ ಯಾವ ಅಳತೆಯ ಟ್ರಂಕು ಇವೆ ಎಂದು ಖಡುವಿನಲ್ಲಿ, ಅಂದರೆ ಸೀಮೆಸುಣ್ಣದಲ್ಲಿ, ಬರೆಯುತ್ತಿದ್ದರು. ನರಗುಂದದಲ್ಲಿ ಇಳಿಸಿಕೊಂಡವರು ಮುಚ್ಚಳ ತೆಗೆದು, ಓದಿ, ತಾಳೆ ನೋಡಬೇಕು. ಈ ಖಡುವಿನ ಬರಹವನ್ನು ನೆನಪಿಡಿ. ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಸಂಘದವರು ಸೀರೆಯ ಅಂಚುಗಳನ್ನು ಕಂಪ್ಯೂಟರಿಗೆ ಹಾಕಲು ಅವನಿಗೆ ಹೇಳಿದರು. ಚೌಕಳಿ ಮನೆಗಳಲ್ಲಿ ಕಪ್ಪು ಬಿಳುಪು ತುಂಬಿ ಹಾಳೆಯ ಮೇಲೆ ತೆಗೆದುಕೊಟ್ಟರೆ, ಅದನ್ನು ನೋಡಿ, ಯಾವ ಎಳೆ ಎತ್ತಬೇಕೆಂದು ಮಗ್ಗಕ್ಕೆ ತೋರಿಸುವ ರಟ್ಟಿಗೆ ತೂತು ಹೊಡೆಯುತ್ತಾರೆ. ನರಗುಂದದಲ್ಲಿ ಧೋತರ ನೇಯಿಸುವವನೊಬ್ಬ ಇದ್ದ, ಚಿಕ್ಕನರಗುಂದದವನು. ಅವನಿಗೂ ಅವೇ ಅಂಚು ಬೇಕು. ರೋಣದಲ್ಲಿ ಅಬ್ಬಿಗೇರಿಯ ಹುಡುಗಿಯೊಬ್ಬಳು ಟೀಚರು, ತಪ್ಪು ತಿದ್ದುವವಳು ಅವಳು. ಹೀಗೆ ಮೂರೂರಲ್ಲಿ ಮೂರು ಕಂಪ್ಯೂಟರು. ಫೋನಿನ ತಂತಿಯಲ್ಲಿ ಇಂಟರ್ನೆಟ್ಟು ಬರುತ್ತಿತ್ತು, ಬಂದಷ್ಟೇ ಬೇಗ ಹೋಗುತ್ತಿತ್ತು. ಅದಕ್ಕಿಂತ ಬಸ್ಸು ನಂಬಿಗಸ್ತ. ನಾನು ವಾರಕ್ಕೊಮ್ಮೆ ನರಗುಂದಕ್ಕೆ ಸಣ್ಣ ಮಗಳ ಬಾಣಂತನ ನೋಡಲು ಹೋಗುತ್ತಿದ್ದೆ, ರೋಣದಲ್ಲಿ ಬಸ್ಸು ಬದಲಿಸಬೇಕು. ಮಾಸ್ತರ ಬೆರಳುದ್ದದ ಪೆನ್ ಡ್ರೈವ್ ತಂದು ನನ್ನ ಕೈಗಿಟ್ಟ. ನಾನು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಅಂದಿನಿಂದ ನಾನೇ ಟಪಾಲು.

ಹೊತ್ತ ಮೇಲೆ ಏನು ಹೊರುತ್ತಿದ್ದೇನೆ ಎಂದು ಕೇಳಬೇಕಲ್ಲ, ಕೇಳಿದೆ. ಅದು ಪೆಟ್ಟಿಗೆ ಅಂದ. ಗಿಟ್ ಅಂತ ಹೆಸರಂತೆ. ಅದರಲ್ಲಿ ಇವತ್ತಿನದನ್ನು ಇಟ್ಟರೆ ನಿನ್ನೆಯದು ಅಳಿಯುವುದಿಲ್ಲ. ಮಡಚಿದ ಸೀರೆಯ ಮೇಲೆ ಇನ್ನೊಂದು ಮಡಚಿದ ಸೀರೆ ಇಟ್ಟ ಹಾಗೆ, ಅಡಿಯದನ್ನು ಯಾವಾಗ ಬೇಕಾದರೂ ಎಳೆದು ನೋಡಬಹುದು. ಯಾರು ಇಟ್ಟರು, ಯಾಕೆ ಇಟ್ಟರು ಎಂಬುದೂ ಒಂದೊಂದು ಮಡಿಕೆಗೆ ಬರೆದಿರುತ್ತದೆ. ಇಷ್ಟು ನನಗೆ ತಿಳಿಯಿತು.

ಮೊದಲು ಅಂಚುಗಳೂ ಸೀರೆಯ ಪೆಟ್ಟಿಗೆಯಲ್ಲೇ ಇದ್ದವು. ನರಗುಂದದವ ಅವನ್ನು ಎತ್ತಿಕೊಂಡು ಧೋತರಕ್ಕೆ ಹೊಂದುವ ಹಾಗೆ ಸಣ್ಣ ಮಾಡಿ ತಿರುಗಿ ಕಳಿಸಿದ. ನಮ್ಮವರು ನೋಡದೆ ಹಾಳೆ ತೆಗೆದರು. ಪಕ್ಕದ ಮನೆಯವಳು ನಾಲ್ಕು ಬೆರಳು ನೇಯ್ದ ಮೇಲೆ ನೋಡುತ್ತಾಳೆ, ಸೀರೆಗೆ ಧೋತರದ ಅಂಚು. ಅದನ್ನು ಬಿಚ್ಚುತ್ತ ಅವಳು ಬೈದ ಬೈಗುಳ ಮಾಸ್ತರನ ಕ್ಲಾಸಿನತನಕ ಕೇಳಿಸಿತು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಎರಡು ದಿನ ಕೂತು, ಅಂಚುಗಳಿಗೇ ಬೇರೆ ಪೆಟ್ಟಿಗೆ ಮಾಡಿ, ಅದನ್ನು ಸೀರೆಯ ಪೆಟ್ಟಿಗೆಯೊಳಗೂ ಇಟ್ಟ, ಧೋತರದ ಪೆಟ್ಟಿಗೆಯೊಳಗೂ ಇಟ್ಟ. ಬಂದು ನನ್ನ ಮುಂದೆ ಹೊಗಳಿಕೊಂಡ.

"ಆಯಿ, ನಮ್ಮಪ್ಪನ ಟ್ರಂಕು ನೆನಪೈತೇನ್ರಿ? ಬಿಲ್ಕುಲ್ ಹಂಗ. ಹೊರಗಿನ ಪೆಟಗಿಯೊಳಗ ಒಂದು ಚೀಟಿ ಐತಿ. ಒಳಗಿನ ಪೆಟಗಿಯ ಇಂಥಾ ಮಡಿಕಿನ ನಂಗ ಬೇಕು ಅಂತ ಬರದಿರತೈತಿ. ನರಗುಂದದಾಂವ ಒಳಗ ಏನರ ಮಾಡ್ಲಿ, ನಾವು ಚೀಟಿ ಬದಲಿ ಮಾಡೂತನಾ ನಮ್ಮ ಸೀರಿಗೆ ಹಳೇ ಅಂಚ."

"ಹಂಗಾರ ದೊಡ್ಡ ಪೆಟಗಿ ಎತ್ತಿದ್ರ ಸಣ್ಣದೂ ಜೊತಿಗೆ ಬರತೈತಿ?"

"ಅದ ನೋಡ್ರಿ ಫರಕು. ಬರೂದಿಲ್ಲ. ಚೀಟಿ ಅಷ್ಟ ಬರತೈತಿ. ಸಣ್ಣ ಪೆಟಗಿ ಬ್ಯಾರೆ ಕಳಸಬೇಕು, ಅದೂ ಮದಲ ಕಳಸಬೇಕು. ಇಲ್ಲಂದ್ರ ಅಲ್ಲಿ ಚೀಟಿ ಹಿಡಕೊಂಡು ಖಾಲಿ ಪೆಟಗಿ ನೋಡಕೋತ ಕುಂದರತಾರ."

ಎಲ್ಲರಿಗೂ ಇದನ್ನೇ ಕಲಿಸಿದ. ರೋಣದ ಟೀಚರಿಗೆ, ನರಗುಂದದವನಿಗೆ, ಸಂಘದ ಗುಮಾಸ್ತರಿಗೆ. ಒಳಗಿನದು ಮೊದಲು, ಹೊರಗಿನದು ಆಮೇಲೆ. ನಾನು ಅಂಗಳ ಕಸ ಹೊಡೆಯುತ್ತಿದ್ದರೂ ಸೈಕಲ್ಲಿನ ಹಿಂದಿನಿಂದ ಕೂಗಿ ಹೇಳಿಹೋಗುತ್ತಿದ್ದ.

ಇನ್ನು ನನ್ನ ಅಂಚಿನ ಮಾತು. ಅದಕ್ಕೆ ನಮ್ಮ ಮನೆಯಲ್ಲಿ ಇರುವೆ ಸಾಲು ಅನ್ನುತ್ತೇವೆ. ಹದಿನಾರು ಇರುವೆ ಒಂದರ ಹಿಂದೆ ಒಂದು ಹೊರಟಿರುತ್ತವೆ. ಹದಿನಾರನೆಯದು ಕತ್ತು ತಿರುಗಿಸಿ ಹಿಂದೆ ನೋಡುತ್ತದೆ. ಅಲ್ಲಿಂದ ಮತ್ತೆ ಒಂದನೆಯದು. ನನ್ನ ಅತ್ತೆಯ ಅಂಚು. ಅತ್ತೆ ಒಳ್ಳೆಯವಳಾಗಿರಲಿಲ್ಲ, ಅಂಚು ಒಳ್ಳೆಯದು. ಅವಳು ಅದನ್ನು ಕಾಗದದ ಮೇಲೆ ಬರೆಯಲಿಲ್ಲ. ನನ್ನನ್ನು ಮಗ್ಗದ ಮುಂದೆ ಕೂರಿಸಿ, ಮಗ್ಗದ ತೊಲೆಯ ಮೇಲೆ ಗೆಣ್ಣಿನಿಂದ ಬಡಿಯುತ್ತ, ಎಷ್ಟೆಳೆ ಎತ್ತಬೇಕು, ಎಷ್ಟು ಬಿಡಬೇಕು ಎಂದು ಹೇಳಿಕೊಟ್ಟಳು. ತಪ್ಪಿದರೆ ಅದೇ ಗೆಣ್ಣು ನನ್ನ ತಲೆಗೆ. ತಿರುಗಿ ನೋಡುವ ಇರುವೆಯನ್ನು ಮನೆಯ ಹೊರಗೆ ಯಾರಿಗೂ ಕೊಡಬೇಡ ಎಂದು ಹೇಳಿ ಸತ್ತಳು. ನನ್ನ ಹೆಣ್ಣುಮಕ್ಕಳು ಮಗ್ಗಕ್ಕೆ ಕೂರಲಿಲ್ಲ. ನನಗೆ ಎರಡೂ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣಿನದು ತೆಗೆಸಿದೆ, ತೆಗೆಸಿದ ಮೇಲೂ ಎಳೆ ಕಾಣಲಿಲ್ಲ. ಅಂದರೆ ಆ ಅಂಚು ನನ್ನ ಬೆರಳಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಮಾಸ್ತರ ಮೂರು ತಿಂಗಳು ನನ್ನ ಬೆನ್ನು ಹತ್ತಿದ. ಮಧ್ಯಾಹ್ನ ಕರೆಂಟು ಇದ್ದಾಗ ಹೋಗಿ ಕೂರುತ್ತಿದ್ದೆ. ನಾನು ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳಾಡಿಸುತ್ತ ಹೇಳುವುದು, ಎರಡು ಬಿಡು, ಒಂದು ಎತ್ತು, ಮೂರು ಬಿಡು. ಅವನು ಮನೆ ತುಂಬುವುದು. ಒಂದು ಇರುವೆ ಮುಗಿದರೆ ಎದ್ದು ಹೋಗಿ ಮಿರ್ಚಿ ಭಜಿ ತರುತ್ತಿದ್ದ. ಹೀಗೆ ಹದಿನೈದು ಇರುವೆಗೆ ಹದಿನೈದು ಸಲ ಭಜಿ ತಿಂದೆವು. ಹದಿನಾರನೆಯದು ಕೊಡುವುದಿಲ್ಲ ಅಂದೆ. ಅವನು ಒತ್ತಾಯ ಮಾಡಲಿಲ್ಲ. ಹದಿನೈದನ್ನೇ ಒಳಪೆಟ್ಟಿಗೆಯಲ್ಲಿ ಇಟ್ಟು ರೋಣಕ್ಕೆ ಕಳಿಸಿದ. ಟೀಚರು ನೋಡಿ, ಚಲೋ ಐತಿ, ಆದರೆ ಕೊನೆಗೆ ಏನೋ ಕಡಿಮೆ ಐತಿ ಅಂದಳಂತೆ. ಅವನು ಅದನ್ನು ಹಾಗೇ ತಂದು ನನಗೆ ಹೇಳಿದ.

ವಾರ ತಡೆದೆ. ಒಂದು ಸಂಜೆ ನಾನೇ ಹೋಗಿ ಕುರ್ಚಿ ಎಳೆದುಕೊಂಡು, ಬರಕೋ ಅಂದೆ. ಮನೆಯ ಹೊರಗೆ ಕೊಡಬೇಡ ಅಂದಿದ್ದಳು ಅತ್ತೆ. ಮನೆಯೊಳಗೆ ತಗೊಳ್ಳುವವರು ಯಾರೂ ಇರಲಿಲ್ಲ. ಹೇಳಿ ಮುಗಿಸಿದಾಗ ಪರದೆಯ ಮೇಲೆ ಆ ಇರುವೆ ಕತ್ತು ತಿರುಗಿಸಿತು. ಮಾಸ್ತರ ಟ್ರಂಕಿನ ಮೇಲೆ ಎರಡೂ ಕೈಯಿಂದ ಬಾಜಾ ಬಾರಿಸಿದ. ಅದೇ ಖುಷಿಯಲ್ಲಿ ಒಳಪೆಟ್ಟಿಗೆಗೆ ಮಡಿಕೆ ಹಾಕಿದ, ಹೊರಪೆಟ್ಟಿಗೆಯ ಚೀಟಿ ಬದಲಿಸಿದ, ಹೊರಪೆಟ್ಟಿಗೆಯನ್ನು ಪೆನ್ ಡ್ರೈವಿಗೆ ಹಾಕಿ ನನ್ನ ಸೆರಗಿಗೆ ತಾನೇ ಗಂಟು ಕಟ್ಟಿದ. ಅಪ್ಪನ ಅಂಗಡಿಯಲ್ಲಿ ದೊಡ್ಡ ಟ್ರಂಕು ಎತ್ತಿದರೆ ಸಣ್ಣದೂ ಜೊತೆಗೆ ಬರುತ್ತಿತ್ತಲ್ಲ, ಖುಷಿ ಹೆಚ್ಚಾದ ಕೈಗೆ ಆ ರೂಢಿಯೇ ಬಂತು. ಮೂರೂರಿಗೆ ಪಾಠ ಹೇಳಿದವನು ಒಳಗೆ ಏನಿದೆ ಎಂದು ಒಂದು ಸಲ ಬಡಿದು ನೋಡಲಿಲ್ಲ.

ಮರುದಿನ ಮಧ್ಯಾಹ್ನದ ಒಳಗೆ ನಾನು ನರಗುಂದದಲ್ಲಿದ್ದೆ. ಧೋತರದವನು ಪೆನ್ ಡ್ರೈವ್ ಹಾಕಿದ. ಚೀಟಿ ಇತ್ತು. ಅಂಚು ಅಂತ ಹೆಸರಿದ್ದ ಪೆಟ್ಟಿಗೆಯೂ ಇತ್ತು. ತೆಗೆದರೆ ಖಾಲಿ. ಅವನು ಕ್ಲಾಸಿಗೆ ಫೋನು ಹಚ್ಚಿದ. ನಾನು ಕಿವಿ ಹತ್ತಿರ ಒಯ್ದು ಕೂತೆ. ಮಾಸ್ತರ ನಕ್ಕು, ಮರತೇನಿ ಬಿಡ್ರಿ, ಒಳಗಿಂದು ನನ್ನ ಕಂಪ್ಯೂಟರಿನ್ಯಾಗ ಐತಿ, ಈಗ ಹಾಕಿ ಕಳಸತೇನಿ ಅಂದ. ಅಷ್ಟರಲ್ಲೇ, ತಡೀರಿ, ಅದನ್ನ ಮುಂಜಾನೆ ತೊಳಸೇವಲ್ರಿ ಅಂದ.

ಆದದ್ದೇನೆಂದರೆ, ಕ್ಲಾಸಿನ ಮಾಲೀಕರು ವೈರಸ್ಸು ಹೆಚ್ಚಾಯಿತೆಂದು ಆ ಬೆಳಿಗ್ಗೆ ಎಲ್ಲ ಕಂಪ್ಯೂಟರನ್ನೂ ತೊಳೆಸಿದ್ದರು, ಅಂದರೆ ಒಳಗಿದ್ದದ್ದನ್ನೆಲ್ಲ ಅಳಿಸಿ ಖಾಲಿ ಮಾಡಿಸಿದ್ದರು. ತೊಳೆಯುವವನು ಏನಾದರೂ ಉಳಿಸಬೇಕೇ ಎಂದು ಕೇಳಿದ್ದಾನೆ. ಎಲ್ಲಾ ನರಗುಂದಕ್ಕೆ ಕಳಿಸಿದ್ದೇನೆ, ತೊಳೆದುಬಿಡಿ ಎಂದು ಮಾಸ್ತರನೇ ಹೇಳಿದ್ದಾನೆ. ಭಾಷಣದವರು ಹೇಳಿದ ವೈರಸ್ಸಿನ ಪಾಲು ಇಷ್ಟೇ.

ಧೋತರದವ ತಲೆಗೆ ಕೈ ಹೊತ್ತು ಕೂತ. ಅಂಚು ಹೋದರೆ ಹೋಗಲಿ ಎಂದು ನಾನು ಅಂದುಕೊಳ್ಳಲು ನೋಡಿದೆ, ಆಗಲಿಲ್ಲ. ಮಗಳ ಮನೆಗೂ ಹೋಗದೆ ಬಸ್ಸು ಹತ್ತಿದೆ. ರೋಣದ ನಿಲ್ದಾಣದಲ್ಲಿ ಟೀಚರು ಕಾಯುತ್ತಿದ್ದಳು, ಮಾಸ್ತರ ಫೋನು ಮಾಡಿದ್ದನಂತೆ. ತನ್ನ ಹತ್ತಿರ ಇದ್ದ ಒಳಪೆಟ್ಟಿಗೆಯನ್ನು ಹಾಕಿ ತಂದಿದ್ದಳು. "ಹದಿನೈದು ಅದಾವ್ರಿ ಆಯಿ, ಒಂದರ ಕಾಲೂ ಮುರದಿಲ್ಲ" ಅಂದಳು. ಜಾಣೆ. ಅಂದರೆ ಹೋದದ್ದು ಒಂದೇ, ತಿರುಗಿ ನೋಡುವ ಇರುವೆ. ಅದನ್ನು ನಾನು ಕಣ್ಣು ಮುಚ್ಚಿ ಮತ್ತೆ ಹೇಳಬೇಕು. ಮುಂದಿನ ಬಸ್ಸಿನಲ್ಲಿ ಲಕ್ಕಲಕಟ್ಟಿಯ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ಮೆಣಸಿನಕಾಯಿಯ ಮಾತು ಹೇಳುತ್ತಿದ್ದಳು. ನಾನು ಸೆರಗಿನಡಿ ಬೆರಳಾಡಿಸಿ ನೋಡಿದೆ. ಬೆರಳು ಹದಿನೈದರತನಕ ಹೋಯಿತು, ಅಲ್ಲೇ ನಿಂತಿತು.

ಸಂಜೆಗೆ ಗಜೇಂದ್ರಗಡ. ಮಾಸ್ತರ ನಿಲ್ದಾಣದಲ್ಲೇ ಇದ್ದ. ಚೀಲ ಇಸಿದುಕೊಂಡ, ಮೋರೆ ಮಾತ್ರ ಮೇಲೆತ್ತಲಿಲ್ಲ.

"ಬೈರಿ ಆಯಿ. ಮೂರು ತಿಂಗಳಾದ ಮ್ಯಾಲ ಕೊಟ್ಟಿದ್ರಿ. ಒಂದು ದಿನ ಇಟಗೊಳ್ಳಾಕ ಆಗಲಿಲ್ಲ ನಂಗ."

"ಬೈಯೂದು ನಾಳಿಗೆ ಇರ್ಲಿ. ನಂಗ ಅದು ನೆನಪಾಗವಲ್ದು."

ಅವನು ಆಗ ಮೋರೆ ಎತ್ತಿದ. ತಪ್ಪು ತನ್ನದೊಂದೇ ಅಂದುಕೊಂಡಿದ್ದ, ನನ್ನ ಬೆರಳೂ ಕೈಕೊಟ್ಟಿತೆಂದು ಕೇಳಿ ಯಾಕೋ ಹುಷಾರಾದ. ಕ್ಲಾಸಿಗೆ ಹೋದೆವು. ತೊಳೆದ ಕಂಪ್ಯೂಟರಿಗೆ ಅವನು ಮಧ್ಯಾಹ್ನವೇ ಬೇಕಾದದ್ದನ್ನೆಲ್ಲ ತುಂಬಿಸಿ ಇಟ್ಟಿದ್ದ. ರೋಣದ ಹದಿನೈದು ಇರುವೆ ಬಂದು ಸಾಲಾಗಿ ನಿಂತವು. ನಾನು ಕಣ್ಣು ಮುಚ್ಚಿ ಶುರು ಮಾಡಿದೆ. ತಲೆ ಬಂತು, ಕುತ್ತಿಗೆಗೆ ಬೆರಳು ತಪ್ಪಿತು. ಇನ್ನೊಮ್ಮೆ. ಅಲ್ಲೇ ತಪ್ಪಿತು. ಮೂರನೆಯ ಸಲ ತಲೆಯೂ ಬರಲಿಲ್ಲ. ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಎದ್ದು ಹೊರಟೆ.

ಅವನು ತಡೆಯಲಿಲ್ಲ. ಕೈ ಖಾಲಿ ಇದ್ದಾಗ ಮಾಡುವ ಹಾಗೆ ಟ್ರಂಕಿನ ಮುಚ್ಚಳದ ಮೇಲೆ ಗೆಣ್ಣಿನಿಂದ ಬಡಿಯತೊಡಗಿದ. ಟಕ್, ಟಕ್. ಸ್ವಲ್ಪ ತಡೆದು, ಟಕ್. ನಾನು ಬಾಗಿಲಲ್ಲೇ ನಿಂತೆ. ತಗಡಿನ ಸಪ್ಪಳ ಬೇರೆ, ತೊಲೆಯ ಸಪ್ಪಳ ಬೇರೆ. ಆದರೂ ನನ್ನ ತಲೆ ತಾನಾಗಿ ಒಂದು ಕಡೆ ಸರಿಯಿತು, ಪೆಟ್ಟು ತಪ್ಪಿಸಿಕೊಳ್ಳುವ ಹಾಗೆ. ನಲವತ್ತು ವರ್ಷದ ಹಿಂದಿನ ಪೆಟ್ಟು.

"ಬಡಿ," ಅಂದೆ. "ಇನ್ನಷ್ಟು ಲಗೂ ಬಡಿ. ಆಕಿ ಇಷ್ಟು ಸಾವಕಾಶ ಇದ್ದಾಕಿ ಅಲ್ಲ."

ಅವನು ಒಂದು ಕೈಯಲ್ಲಿ ಬಡಿಯುತ್ತ ಇನ್ನೊಂದು ಕೈಯಲ್ಲಿ ಮನೆ ತುಂಬಿದ. ನಾನು ಬಾಗಿಲಲ್ಲಿ ನಿಂತೇ ಹೇಳಿದೆ. ತಲೆ ಬಂತು, ಮೀಸೆ ಬಂತು. ಕುತ್ತಿಗೆಯ ಹತ್ತಿರ ಒಂದು ಗಳಿಗೆ ತಡೆದು, ಮೂರು ಬಿಡು ಅಂದೆ. ಆಮೇಲೆ ಎಲ್ಲಿಯೂ ನಿಲ್ಲಲಿಲ್ಲ. ಇರುವೆ ತಿರುಗಿ ನೋಡಿತು.

"ನಿನ್ನೆ ಎರಡು ಬಿಡು ಅಂದಂಗಿತ್ತಲ್ರಿ ಆಯಿ?"

"ಎರಡೋ ಮೂರೋ. ಇನ್ನ ಮ್ಯಾಲ ಮೂರು. ಅತ್ತಿ ಎದ್ದು ಬಂದು ಕೇಳಿದ್ರ ನೋಡೋಣು."

ಅವನು ನಕ್ಕದ್ದಕ್ಕೆ ಆಚೆ ಖೋಲಿಯಲ್ಲಿ ಟೈಪಿಂಗ್ ಕಲಿಯುತ್ತಿದ್ದವರೆಲ್ಲ ಬಂದು ಬಾಗಿಲಲ್ಲಿ ನಿಂತರು. ಅವನು ಓಡಿಹೋಗಿ ಹದಿನಾರನೆಯ ಸಲದ ಭಜಿ ತಂದ. ಹಿಂದಿನ ದಿನ ತರುವುದು ಮರೆತಿದ್ದನಂತೆ, ಅದಕ್ಕೇ ಹಿಂಗಾಯಿತು ಅಂದ. ಎಲ್ಲರಿಗೂ ಹಂಚಿದ.

ನರಗುಂದದ ಹೊರಪೆಟ್ಟಿಗೆಯಲ್ಲಿ ಆ ಮೊದಲಿನ ಚೀಟಿ ಈಗಲೂ ಇದೆ. ಆ ಪೆಟ್ಟಿಗೆಯಲ್ಲಿ ಏನೂ ಅಳಿಯುವುದಿಲ್ಲವಲ್ಲ. ಅದರ ಮೇಲೆ ಹೊಸ ಚೀಟಿ ಇಟ್ಟಿದ್ದಾನೆ ಅಷ್ಟೇ. ಅಡಿಯ ಚೀಟಿ ಎಲ್ಲಿಯೂ ಇಲ್ಲದ ಒಂದು ಇರುವೆಯನ್ನು ತೋರಿಸುತ್ತ ಕೂತಿದೆ. ತೆಗೆದು ಒಗೆಯಬಾರದೇ ಎಂದು ಒಮ್ಮೆ ಕೇಳಿದೆ. ಅವನು ಕ್ಲಾಸಿಗೆ ಹೊಸದಾಗಿ ಬಂದವರಿಗೆಲ್ಲ ಮೊದಲು ಅದನ್ನೇ ತೆಗೆದು ತೋರಿಸುತ್ತಿದ್ದನಂತೆ. ಇದು ನಾನು ಮಾಡಿದ್ದು, ನೀವು ಮಾಡಬೇಡಿ ಎಂದು. ಅಷ್ಟು ಹೇಳಬಲ್ಲ ಮಾಸ್ತರರನ್ನು ನಾನು ಹೆಚ್ಚು ಜನ ಕಂಡಿಲ್ಲ. ಆದರೆ ನನ್ನ ಮೂರನೇ ಇಯತ್ತೆಯಲ್ಲಿ ನಾನು ಕಂಡ ಮಾಸ್ತರರೇ ಇಬ್ಬರು.

ಅವತ್ತು ಭಜಿ ತಿಂದು ಮನೆಗೆ ಬರುವ ಮುಂಚೆ, ಅವನ ಮುಂದೆ ಕೂತು ಎರಡು ಪೆನ್ ಡ್ರೈವ್ ಹಾಕಿಸಿದೆ. ಒಂದರಲ್ಲೇ ಎರಡೂ ಹಿಡಿಯುತ್ತವೆ ಅಂದ. ಹಿಡಿಯಲಿ, ನನಗೆ ಎರಡು ಬೇಕು ಅಂದೆ. ಒಳಗಿನದು ಮೊದಲು, ಹೊರಗಿನದು ಆಮೇಲೆ. ಸೆರಗಿಗೆ ಎರಡು ಗಂಟು ನಾನೇ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನರಗುಂದಕ್ಕೆ ಹೋದೆ. ಧೋತರದವನ ಹೆಂಡತಿ ಚಹಾ ತಂದಿಟ್ಟಳು. ಅಲ್ಲಿಡು ಅಂದೆ. ಒಳಪೆಟ್ಟಿಗೆ ತೆಗೆಸಿ, ದೊಡ್ಡದಾಗಿ ಕಾಣುವ ಹಾಗೆ ಮಾಡಿಸಿ, ಪರದೆಗೆ ಮೂಗು ಹಚ್ಚಿ ಒಂದೊಂದಾಗಿ ಇರುವೆ ಎಣಿಸಿದೆ. ಹದಿನಾರು ಇದ್ದವು. ಆಮೇಲೆ ಚಹಾ ಕುಡಿದೆ. ಆರಿತ್ತು.